ಮೊಳೆಗೆ ಬಾಗಿದ ಕೊಕ್ಕರೆ

ಕೊಡೆ ರಿಪೇರಿಯವನು ಕೂರುವುದು ನನ್ನ ಬಲಗಡೆ. ನಾನು ಸೈಕಲ್ ಟ್ಯೂಬಿಗೆ ಪ್ಯಾಚು ಹಾಕುವವನು, ಅವನು ಕೊಡೆಗೆ ಕಡ್ಡಿ ಕಟ್ಟುವವನು. ಮಳೆ ಬಂದರೆ ಅವನಿಗೆ ಕೆಲಸ, ಬಿಸಿಲು ಬಂದರೆ ನನಗೆ. ಬಿಡುವಾಗಿದ್ದವನು ಮಾತಾಡಬೇಕು, ಕೆಲಸವಿದ್ದವನು ಕೇಳಬೇಕು ಎಂದು ನಾವು ಮಾಡಿಕೊಂಡ ಏರ್ಪಾಡು. ಆದರೆ ಅವನು ಮಳೆಗಾಲದಲ್ಲೂ ಬಾಯಿ ಮುಚ್ಚುವವನಲ್ಲ.

ನಮ್ಮಿಬ್ಬರ ಬೆನ್ನಿಗೂ ಒಂದೇ ಗೋಡೆ, ಯಾವತ್ತೋ ಮುಚ್ಚಿಹೋದ ಹತ್ತಿ ಗೋದಾಮಿನದು. ನನ್ನ ಮಗ ಹುಟ್ಟುವ ಮೊದಲೇ ನಾನು ಅಲ್ಲಿ ಗೋಣಿ ಹಾಸಿ ಕೂತವನು. ಕೂತ ಮೊದಲನೇ ದಿನವೇ ಇಟ್ಟಿಗೆಗಳ ಸಂದಿಗೆ ಗೇಣುದ್ದದ ಒಂದು ಮೊಳೆ ಹೊಡೆದೆ. ಅದಕ್ಕೆ ಟ್ಯೂಬು ನೇತುಹಾಕಿದೆ. ಅಷ್ಟೇ ನನ್ನ ಅಂಗಡಿ. ಬಾಗಿಲಿಲ್ಲ, ಬೋರ್ಡಿಲ್ಲ. ದೂರದಿಂದ ಟ್ಯೂಬು ಕಂಡರೆ ಜನ ಸೈಕಲ್ ತಳ್ಳಿಕೊಂಡು ಬರುತ್ತಾರೆ.

ನನ್ನ ಸೊಸೆ ಮನೆಗಳಿಗೆ ಬಣ್ಣ ಹೊಡೆಯುವವಳು. ಮದುವೆಯಾಗಿ ಬರುವಾಗಲೇ ಬ್ರಷ್ಷು ಹಿಡಿದುಕೊಂಡು ಬಂದಳು. ನನ್ನ ಹೆಂಡತಿ ಮೊದಮೊದಲು, "ಏಣಿ ಹತ್ತೋ ಸೊಸೆ ಸಿಕ್ಕಿದ್ಲು ನಮಗೆ," ಎಂದು ಕೊಂಕು ತೆಗೆಯುತ್ತಿದ್ದಳು. ನಮ್ಮ ಅಡುಗೆಮನೆಯ ಮಸಿ ಹಿಡಿದ ಮಾಡು ಒಂದೇ ದಿನದಲ್ಲಿ ಬೆಳ್ಳಗಾದ ಮೇಲೆ ಅದೇ ಮಾತನ್ನು ಬೀದಿಯವರೆದುರು ಎದೆಯುಬ್ಬಿಸಿ ಹೇಳತೊಡಗಿದಳು. ಮಗ ಬಸ್ಸಿನ ಕಂಡಕ್ಟರು. ಅವನು ಊರೂರು ಸುತ್ತುತ್ತಾನೆ, ಮನೆಯ ಸುದ್ದಿ ಅವನಿಗೆ ತಲುಪುವಷ್ಟರಲ್ಲಿ ಹಳೆಯದಾಗಿರುತ್ತದೆ.

ಕೆಲವು ವರ್ಷಗಳ ಕೆಳಗೆ ನನಗೆ ಜ್ವರ ಬಂದು ಒಂದಷ್ಟು ದಿನ ಮನೆಯಲ್ಲೇ ಮಲಗಿದ್ದೆ. ಎದ್ದು ಅಂಗಡಿಗೆ ಹೋದರೆ ಗೋಡೆ ಮೇಲೆ ಕೊಕ್ಕರೆ. ನನಗಿಂತ ಎತ್ತರ. ನೀರಿನಲ್ಲಿ ಒಂದು ಕಾಲು, ಮಡಿಸಿಕೊಂಡದ್ದು ಇನ್ನೊಂದು. ಹಿಂದೆ ತಿಳಿಹಸಿರು, ಅದು ಆಸ್ಪತ್ರೆಯ ಪಡಸಾಲೆಗೆ ಹೊಡೆದು ಉಳಿದದ್ದು. ನೀರಿನ ನೀಲಿ ಶಾಲೆಯ ಕಿಟಕಿಗಳದು. ಕಾಲಿನ ಕೆಂಪು ಯಾರದೋ ಗೇಟಿನದು. ಮೈಯ ಬಿಳಿ ಎಲ್ಲ ಮನೆಗಳದೂ. ಡಬ್ಬದ ತಳದಲ್ಲಿ ಉಳಿದ ಬಣ್ಣವನ್ನು ಮನೆಯವರು ಬೇಡವೆಂದರೆ ಕೆಲಸದವರು ತರುತ್ತಾರೆ. ಹಾಗೆ ಸೊಸೆ ತಂದಿಟ್ಟ ಡಬ್ಬಗಳು ನಮ್ಮ ಮಂಚದ ಕೆಳಗೆ ಸಾಲಾಗಿದ್ದವು. ಅವೆಲ್ಲ ಖಾಲಿಯಾಗಿದ್ದವು.

ಅದುವರೆಗೆ ಆ ಗೋಡೆಯ ಬುಡದಲ್ಲಿ ಜನ ಮಾಡುತ್ತಿದ್ದದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ಮೂಗು ಹಿಡಿದುಕೊಂಡು ಪಂಕ್ಚರ್ ಹಾಕಿದ ದಿನಗಳಿವೆ. ಕೊಕ್ಕರೆ ಬಂದ ಮೇಲೆ ಎಲ್ಲ ನಿಂತುಹೋಯಿತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಒಂದೇ ಕೊರತೆ, ಕೊಕ್ಕರೆಯ ಕತ್ತು. ನೆಟ್ಟಗೆ ಮೇಲೆ ಹೋಗುತ್ತಾ ಹೋಗುತ್ತಾ ಅರ್ಧದಲ್ಲಿ ಒಂದು ಕಡೆಗೆ ಹೊರಳಿ, ಬಟ್ಟಲಿನಂತೆ ಬಾಗಿ, ಮತ್ತೆ ಮೇಲೆ ಹೋಗಿತ್ತು. ಕೊಡೆ ರಿಪೇರಿಯವನು ಮೊದಲ ದಿನವೇ ಅದಕ್ಕೆ ಉಳುಕು ಕೊಕ್ಕರೆ ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು. ವಿಳಾಸ ಹೇಳುವವರು ಕೂಡ ಉಳುಕು ಕೊಕ್ಕರೆ ದಾಟಿ ಎಡಕ್ಕೆ ಎನ್ನುತ್ತಿದ್ದರು. ಸೊಸೆ ಕೇಳಿಸಿಕೊಂಡು ತಲೆ ತಗ್ಗಿಸುತ್ತಿದ್ದಳು. ಪ್ರತಿ ಮಳೆಗಾಲ ಮುಗಿದ ಮೇಲೆ ಬಂದು ಮಾಸಿದ ಕಡೆ ಬಣ್ಣ ತೀಡುವಾಗ, "ಈ ಸಲ ಕತ್ತು ನೆಟ್ಟಗೆ ಮಾಡ್ಬಿಡ್ತೀನಿ ಮಾವ," ಎನ್ನುತ್ತಿದ್ದಳು. ಮಾಡುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಯಾರಾದರೂ ನಿಂತು, ಇದನ್ನು ಬರೆದವರು ಯಾರು ಎಂದು ವಿಚಾರಿಸಿದರೆ ಅವಳ ಉತ್ತರ ಒಂದೇ: "ಏನಿಲ್ಲ, ಉಳಿದ ಬಣ್ಣ." ಹೆಸರು ಹಾಕಿರಲಿಲ್ಲ. ಬಣ್ಣದ ಕೆಲಸದವರು ಗೋಡೆ ಮೇಲೆ ಹೆಸರು ಬರೆಯುವವರಲ್ಲ, ಕೆಲಸ ಮುಗಿದರೆ ಏಣಿ ಹೊತ್ತುಕೊಂಡು ಹೊರಡುವವರು.

ಈಗ ಕೊಡೆಯ ವಿಷಯಕ್ಕೆ ಬರುತ್ತೇನೆ.

ಮಳೆಗಾಲ ಹಿಡಿದಿತ್ತು. ಯಾರೋ ಹೆಂಗಸು ಹೊಚ್ಚಹೊಸ ಕೊಡೆಯನ್ನು ರಿಪೇರಿಗೆ ಕೊಟ್ಟು ಹೋದಳು. ನಮ್ಮವನು ಅದನ್ನು ಬಿಚ್ಚಿದ. ಬಿಚ್ಚಿದವನು ಮಾತು ನಿಲ್ಲಿಸಿದ. ಅವನ ಮಾತು ನಿಂತದ್ದಕ್ಕೇ ನಾನು ತಿರುಗಿ ನೋಡಿದ್ದು. ಕೊಡೆಯನ್ನು ನನ್ನ ಕಡೆ ವಾಲಿಸಿ ಹಿಡಿದ. ತಿಳಿಹಸಿರು ಬಟ್ಟೆ. ಅದರ ಮೇಲೆ ನಮ್ಮ ಕೊಕ್ಕರೆ. ಅದೇ ಕೆಂಪು ಕಾಲು, ಅದೇ ನೀಲಿ ನೀರು, ಅದೇ ಉಳುಕಿದ ಕತ್ತು.

"ಅಣ್ಣ, ಕಂಪನಿ ಕೊಡೆ ಇದು. ಒಂದು ಗಾಳಿಗೆ ಕಡ್ಡಿ ಮುರಿದಿದೆ, ಕೊಕ್ಕರೆ ಮಾತ್ರ ಗಟ್ಟಿಯಾಗಿದೆ ನೋಡು," ಎಂದ. ಆಮೇಲೆ ಎದ್ದು ನಿಂತು ಗೋಡೆಯನ್ನೂ ಕೊಡೆಯನ್ನೂ ಹೋಲಿಸಿ ನೋಡಿದ. ಎರಡು ಮೂರು ಸಲ ನೋಡಿದ. ಬೀದಿಯವರು ಬಂದು ಸೇರಿದರು.

ಸಂಜೆ ಕೆಲಸ ಮುಗಿಸಿ ಬಂದ ಸೊಸೆಯ ಕೈಗೆ ಕೊಡೆ ಕೊಟ್ಟೆವು. ಅವಳು ಮೊದಲು ನೋಡಿದ್ದು ಕತ್ತನ್ನು. "ಅಯ್ಯೋ, ಕತ್ತು ಹಾಗೇ ಬಿಟ್ಟಿದ್ದಾರಲ್ಲ," ಎಂದಳು. ತನ್ನ ತಪ್ಪು ಊರೆಲ್ಲ ತಿರುಗಾಡುತ್ತಿದೆಯಲ್ಲ ಎಂಬ ಸಂಕಟ. ಆಮೇಲೆ ಅಂಚನ್ನು ತಿರುಗಿಸಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಅಚ್ಚಾಗಿತ್ತು. ಚಿತ್ರ ಬರೆದವರು ನಮ್ಮ ಕಂಪನಿಯ ಕಲಾವಿದರು ಎಂದು. ಅವಳು ಅದನ್ನು ಓದಿದಳು, ಕೊಡೆ ಮಡಿಸಿ ರಿಪೇರಿಯವನ ಕೈಗೆ ಕೊಟ್ಟಳು, ಮನೆಗೆ ನಡೆದಳು.

ಮನೆಯಲ್ಲಿ ನನ್ನ ಹೆಂಡತಿ ಕೊಡೆ ಕಂಪನಿಯವರ ಏಳು ತಲೆಮಾರನ್ನೂ ಜಾಲಾಡಿದಳು. ಸೊಸೆ ತಟ್ಟೆ ಮುಂದೆ ಕೂತು ಅನ್ನ ಕೆದಕುತ್ತಿದ್ದಳು. ಕೊನೆಗೆ ನನ್ನ ಕಡೆ ನೋಡಿ ಹೇಳಿದಳು:

"ಮಾವ, ಅದನ್ನ ಬರೆದೋರು ಯಾರು ಅನ್ನೋದು ಇಷ್ಟು ದಿನ ಯಾರಿಗೂ ಬೇಕಾಗಿರ್ಲಿಲ್ಲ, ನನಗೂ ಬೇಕಾಗಿರ್ಲಿಲ್ಲ. ಈಗ ಬೇರೆಯವರು ಬರೆದದ್ದು ಅಂತ ಬಂದ್ಮೇಲೆ, ನನಗೆ ಬೇಕು."

ಅವಳು ನಮ್ಮ ಮನೆಗೆ ಬಂದಂದಿನಿಂದ ನನಗೆ ಬೇಕು ಎಂದದ್ದು ಅದೇ ಮೊದಲು. ಸೀರೆಗೂ ಅಂದವಳಲ್ಲ. ನನ್ನ ಹೆಂಡತಿ ಅವಳ ತಟ್ಟೆಗೆ ಇನ್ನೊಂದಿಷ್ಟು ಸಾರು ಬಡಿಸಿದಳು.

ನನ್ನ ಗಿರಾಕಿಗಳಲ್ಲಿ ಒಬ್ಬಳು ವಕೀಲಮ್ಮ ಇದ್ದಳು. ಕಪ್ಪು ಕೋಟನ್ನು ಮಡಿಸಿ ಸೈಕಲ್ ಬುಟ್ಟಿಯಲ್ಲಿಟ್ಟುಕೊಂಡು ಕೋರ್ಟಿಗೆ ಹೋಗುವವಳು. ಅವಳ ಹಿಂದಿನ ಚಕ್ರಕ್ಕೂ ನಮ್ಮ ಬೀದಿಯ ಮೊಳೆಗಳಿಗೂ ಏನೋ ಋಣಾನುಬಂಧ. ಮುಂದಿನ ಸಲ ಅವಳು ಬಂದಾಗ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಾ ಹೀಗೆ ಹೀಗಾಯಿತು ಎಂದೆ. ಅವಳು ಗೋಡೆಯ ಕಡೆ ನೋಡಿದಳು. ಇದೇ ಗೋಡೆಗೆ ಒರಗಿ ಎಷ್ಟು ಸಲ ಕಾದಿದ್ದೇನೆ, ಇದನ್ನು ಬರೆದವರು ಯಾರು ಎಂದು ಒಂದು ಸಲವೂ ಕೇಳಲಿಲ್ಲವಲ್ಲ ಎಂದು ತಾನೇ ಪೇಚಾಡಿಕೊಂಡಳು. ಆ ಸಂಜೆ ನಮ್ಮ ಮನೆಗೇ ಬಂದಳು.

ಇದಕ್ಕೆ ಕಾಪಿರೈಟ್ ಎನ್ನುತ್ತಾರೆ ಎಂದಳು. ಬರೆದವರಿಗೆ ಬರೆದದ್ದರ ಮೇಲಿರುವ ಹಕ್ಕು. ಪುಸ್ತಕಕ್ಕೂ ಉಂಟು, ಹಾಡಿಗೂ ಉಂಟು, ಗೋಡೆ ಮೇಲಿನ ಚಿತ್ರಕ್ಕೂ ಉಂಟು. ಸೊಸೆಗೆ ನಂಬಿಕೆ ಬರಲಿಲ್ಲ.

"ನಾನು ಹೆಸರೇ ಬರೆದಿಲ್ವಲ್ಲ ಮೇಡಂ."

"ಬರೀದಿದ್ರೆ ಏನಾಯ್ತು? ಮಗು ಹುಟ್ಟಿದ ಕೂಡ್ಲೇ ತಾಯಿ ಆಗ್ತಾರೋ, ಹೆಸರಿಟ್ಟ ಮೇಲೆ ಆಗ್ತಾರೋ?"

ನನ್ನ ಹೆಂಡತಿಗೆ ಈ ಮಾತು ಬಹಳ ಹಿಡಿಸಿತು. ವಕೀಲಮ್ಮನಿಗೆ ಇನ್ನೊಂದು ಲೋಟ ಕಾಫಿ ಬಂತು.

ವಕೀಲಮ್ಮ ಕಂಪನಿಗೆ ನೋಟೀಸು ಕಳಿಸಿದಳು. ಬೀದಿಯವರ ಫೋನುಗಳಲ್ಲಿದ್ದ ಹಳೆಯ ಫೋಟೋಗಳನ್ನೂ ಜೊತೆಗಿಟ್ಟಳು. ಯಾರದೋ ಹೊಸ ಸೈಕಲ್, ಯಾರದೋ ಮಗು, ಹಿಂದೆ ಕೊಕ್ಕರೆ. ಎಲ್ಲದರಲ್ಲೂ ಅದರ ಕತ್ತಿನ ಮೇಲೆ ನನ್ನ ಟ್ಯೂಬುಗಳು ಜೋತುಬಿದ್ದಿದ್ದವು. ಚಿತ್ರಕ್ಕೆ ಅಡ್ಡ ಬಂದದ್ದಕ್ಕೆ ನನಗೆ ಸಂಕೋಚವಾಯಿತು.

ಕಂಪನಿಯ ಉತ್ತರ ನಯವಾಗಿಯೇ ಬಂತು. ವಕೀಲಮ್ಮ ಓದಿ ಹೇಳಿದಳು. ಕೊಕ್ಕರೆ ಲೋಕದಲ್ಲೆಲ್ಲ ಕೊಕ್ಕರೆಯೇ, ಒಂದರಂತೆ ಇನ್ನೊಂದು ಕಂಡರೆ ಆಶ್ಚರ್ಯವಿಲ್ಲ. ಕೊಡೆಯ ಮೇಲಿರುವುದು ನಾಚಿಕೊಂಡು ಕತ್ತು ಬಾಗಿಸಿದ ಹಕ್ಕಿ, ಆ ನಾಚಿಕೆ ತಮ್ಮ ಕಲಾವಿದರ ಸ್ವಂತ ಕಲ್ಪನೆ. ಇನ್ನು ಆ ಗೋಡೆಯ ವಿಷಯ. ಅದು ಇನ್ನೊಬ್ಬರ ಆಸ್ತಿ, ಅಪ್ಪಣೆಯಿಲ್ಲದೆ ಬರೆದವರು ಹಕ್ಕಿನ ಮಾತಾಡುವುದಾದರೆ ಗೋಡೆಯ ಮಾಲೀಕರಿಗೂ ಈ ವಿಷಯ ತಿಳಿಯುವುದು ಒಳ್ಳೆಯದು.

"ನಾಚಿಕೆಯಂತೆ," ಎಂದಳು ನನ್ನ ಹೆಂಡತಿ. "ಯಾರಿಗಿರ್ಬೇಕಿತ್ತೋ ಅವರಿಗಿಲ್ಲ, ಕೊಕ್ಕರೆಗೆ ಇಟ್ಟಿದ್ದಾರೆ."

ನಾವು ನಕ್ಕೆವು. ಸೊಸೆ ನಗಲಿಲ್ಲ. ಅವಳ ಮನಸ್ಸು ಕೊನೆಯ ಮಾತಿನಲ್ಲಿ ಸಿಕ್ಕಿಕೊಂಡಿತ್ತು. ಗೋಡೆಯ ಬುಡದಲ್ಲಿ ಕೂತ ನನಗೂ ಯಾರ ಅಪ್ಪಣೆಯೂ ಇರಲಿಲ್ಲ. ಕೊಕ್ಕರೆಯ ತಂಟೆ ತೆಗೆದರೆ ಗೋದಾಮಿನ ಧಣಿಯ ಕಣ್ಣು ಗೋಡೆ ಮೇಲೆ ಬೀಳುತ್ತದೆ, ಗೋಡೆಯಿಂದ ಕೆಳಗಿಳಿದರೆ ನನ್ನ ಮೇಲೆ. ಬೆಳಿಗ್ಗೆ ಎದ್ದು ಅವಳು, ಬೇಡ ಬಿಡಿ ಮೇಡಂ, ಒಂದು ಹಕ್ಕಿಗೋಸ್ಕರ ಯಾಕೆ ಇಷ್ಟೆಲ್ಲ ಎಂದು ವಕೀಲಮ್ಮನಿಗೆ ಫೋನು ಮಾಡುವುದು ನನ್ನ ಕಿವಿಗೆ ಬಿತ್ತು. ಕಾರಣ ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ನಾನು ಹೆಚ್ಚು ಮಾತಿನವನಲ್ಲ. ಅಂಗಿ ಬದಲಾಯಿಸಿ ಗೋದಾಮಿನ ಧಣಿಯ ಮನೆಗೆ ಹೊರಟೆ. ಇಷ್ಟು ವರ್ಷ ಅವರ ಗೋಡೆಗೆ ಬೆನ್ನು ಕೊಟ್ಟವನು ಅವರ ಮುಖ ನೋಡಿದ್ದು ಕಡಿಮೆ. ಅವರು ನನಗಿಂತ ಮುದುಕರು. ವರಾಂಡದಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಗೋಡೆ ಮೇಲೆ ಬರೆದದ್ದು ನನ್ನ ಸೊಸೆ, ನಿಮ್ಮನ್ನು ಕೇಳಲಿಲ್ಲ. ನಾನು ಕೂತದ್ದೂ ಕೇಳದೆಯೇ. ನನ್ನನ್ನು ಎಬ್ಬಿಸುವುದಾದರೆ ಎಬ್ಬಿಸಿ, ಎದ್ದು ಹೋಗುತ್ತೇನೆ. ಆದರೆ ಅವಳ ಚಿತ್ರ ಅವಳದು ಅನ್ನುವುದಕ್ಕೆ ನೀವು ಅಡ್ಡ ಬರಬೇಡಿ.

ಧಣಿ ಎಣ್ಣೆ ತಿಕ್ಕುವವನ ಕಡೆ ಸಾಕೆಂದು ಕೈ ಮಾಡಿದರು. ಅವರು ಹೇಳಿದ್ದು ಇಷ್ಟು: "ನಾನು ಅದನ್ನ ನೀನೇ ಗಿರಾಕಿ ಬರಲಿ ಅಂತ ಬರೆಸಿದೀಯ ಅಂದ್ಕೊಂಡಿದ್ದೆ. ನಮ್ಮಪ್ಪ ಕಟ್ಟಿದ ಗೋಡೆ ಕಣಯ್ಯ ಅದು. ಜನ ಅದಕ್ಕೆ ಮುಖ ಮಾಡಿ ನಿಲ್ತಿದ್ದದ್ದು ಯಾತಕ್ಕೆ ಅಂತ ನಿನಗೆ ಗೊತ್ತಲ್ಲ? ಈಗ ಫೋಟೋ ತೆಗಿಯೋಕೆ ನಿಲ್ತಾರೆ." ಗೋಡೆ ಮಾರುವ ಕಾಲ ಬಂದರೆ ಮಾತ್ರ ಅತ್ತು ಕರೆದು ಮಾಡಬೇಡಿ ಎಂದರು. ಹಾಗೇ ಆಗಲಿ ಎಂದು ಕೈಮುಗಿದು ಬಂದೆ.

ಬಂದು ಸೊಸೆಗೆ ಹೇಳಿದೆ. ಅವಳು ಒಳಗೆ ಹೋಗಿ ನನ್ನ ಅಂಗಿಯನ್ನು ಮಡಿಸಿಟ್ಟಳು. ಆಮೇಲೆ ವಕೀಲಮ್ಮನಿಗೆ ಮತ್ತೆ ಫೋನು ಮಾಡಿದಳು.

ವಕೀಲಮ್ಮನ ಎರಡನೆಯ ಉತ್ತರ ಚಿಕ್ಕದು. ಗೋಡೆ ಧಣಿಯದು, ಚಿತ್ರ ಬರೆದವಳದು. ಧಣಿ ನಾಳೆ ಬೇಕಾದರೆ ಸುಣ್ಣ ಬಳಿಯಲಿ, ಅದು ಅವರಿಬ್ಬರ ನಡುವಿನ ಮಾತು. ದಾರಿಯಲ್ಲಿ ಹೋಗುವವರು ಎತ್ತಿಕೊಂಡು ಹೋಗಿ ಮಾರುವ ಹಾಗಿಲ್ಲ. ಅನುಮಾನವಿದ್ದರೆ ಖುದ್ದಾಗಿ ಬಂದು ಗೋಡೆ ನೋಡಿ.

ಕಂಪನಿಯಿಂದ ಒಬ್ಬರು ಬಂದರು. ಚಿತ್ರಗಳ ವಿಭಾಗಕ್ಕೆ ಅವರೇ ದೊಡ್ಡವರಂತೆ. ಬೆಳಿಗ್ಗೆಯಿಂದ ಸೋನೆ ಹಿಡಿದಿತ್ತು. ನೋಡಲು ಬರುವವರಿಗೆ ಕೊಕ್ಕರೆ ಪೂರ್ತಿ ಕಾಣಲಿ ಎಂದು ನಾನು ಟ್ಯೂಬುಗಳನ್ನೆಲ್ಲ ಇಳಿಸಿ ಗೋಣಿಯ ಮೇಲೆ ರಾಶಿ ಹಾಕಿದ್ದೆ. ಅಂಗಡಿ ಬೋಳುಬೋಳಾಗಿತ್ತು. ಕೊಡೆ ರಿಪೇರಿಯವನು ಗೋಡೆಯಿಂದ ಎದುರಿನ ಕಂಬಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿ ಸಾಹೇಬರಿಗೆ ನಿಲ್ಲಲು ಜಾಗ ಮಾಡಿದ್ದ. ವಕೀಲಮ್ಮ ಒಂದು ಕಡೆ, ಸೊಸೆ ಒಂದು ಕಡೆ. ಸೊಸೆ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಮೊಣಕೈತನಕ ಬಿಳಿ ಬಣ್ಣದ ಚುಕ್ಕೆ.

ಸಾಹೇಬರು ಒಳ್ಳೆಯ ಮನುಷ್ಯರು, ಅದನ್ನು ಹೇಳಲೇಬೇಕು. ದನಿ ಏರಿಸಿದವರಲ್ಲ. ಚಿತ್ರ ಚೆನ್ನಾಗಿದೆ ಎಂದರು. ತಮ್ಮದಕ್ಕೂ ಇದಕ್ಕೂ ಹೋಲಿಕೆಯಿದೆ ಎಂದೂ ಒಪ್ಪಿದರು. ಆದರೆ ಹೋಲಿಕೆ ಬೇರೆ, ಕದಿಯುವುದು ಬೇರೆ ಎಂದರು. ಇಬ್ಬರು ಚಿತ್ರಗಾರರಿಗೆ ನಾಚುವ ಹಕ್ಕಿಯ ಕಲ್ಪನೆ ಹೊಳೆಯಬಾರದೇ ಎಂದು ಕೇಳಿದರು. ವಕೀಲಮ್ಮ ಬಣ್ಣಗಳನ್ನು ತೋರಿಸಿದಳು. ಅವರು ಹಸಿರು, ನೀಲಿ, ಕೆಂಪು ಎಲ್ಲ ಕಡೆಯೂ ಇದ್ದದ್ದೇ ಎಂದರು. ಮಾತು ಹೀಗೇ ಹಗ್ಗ ಜಗ್ಗಿದಂತೆ ಆ ಕಡೆ ಈ ಕಡೆ ಹೋಗುತ್ತಿತ್ತು. ಸೊಸೆ ನೆಲ ನೋಡುತ್ತಾ ನಿಂತಿದ್ದಳು.

ಮಾತಾಡುತ್ತಲೇ ಸಾಹೇಬರು ತಮ್ಮ ಕೊಡೆ ಮಡಿಸಿದರು. ಅವರ ಕಂಪನಿಯದೇ, ಕೊಕ್ಕರೆ ಇದ್ದದ್ದೇ. ನೀರು ತೊಟ್ಟಿಕ್ಕುತ್ತಿದ್ದ ಕೊಡೆಯನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಮಳೆಯಲ್ಲಿ ಬಂದ ಗಿರಾಕಿ ಹಾಗೆ ನೋಡಿದರೆ ನಾನು ಮಾಡುವುದು ಒಂದೇ. "ಕೊಡಿ ಸ್ವಾಮಿ," ಎಂದು ಕೈ ಚಾಚಿ ಇಸಿದುಕೊಂಡೆ. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಎತ್ತಿ ಮೊಳೆಗೆ ನೇತುಹಾಕಿದೆ.

ಎಲ್ಲರ ಕಣ್ಣೂ ನನ್ನ ಬೆನ್ನ ಹಿಂದೆ ನೆಟ್ಟಿತ್ತು. ನಾನೇನು ಮಾಡಬಾರದ್ದು ಮಾಡಿದೆನೋ ಎಂದು ತಿರುಗಿ ನೋಡಿದೆ. ಕೊಡೆ ಕೊಕ್ಕರೆಯ ಕತ್ತಿನ ಬಾಗಿನೊಳಗೆ ಸರಿಯಾಗಿ ಕೂತಿತ್ತು. ಕತ್ತು ನೆಟ್ಟಗೆ ಮೇಲೆ ಬಂದು, ಮೊಳೆಯ ಹತ್ತಿರ ಪಕ್ಕಕ್ಕೆ ಸರಿದು, ಮೊಳೆಯನ್ನು ಬಳಸಿಕೊಂಡು, ಮತ್ತೆ ಮೇಲೆ ಹೋಗಿತ್ತು. ದಾರಿಯಲ್ಲಿ ಹಿರಿಯರು ಕೂತಿದ್ದರೆ ಪಕ್ಕಕ್ಕೆ ಸರಿದು ಹೋಗುತ್ತೇವಲ್ಲ, ಹಾಗೆ.

ಇಷ್ಟು ವರ್ಷ ಬಾಗು ಎಲ್ಲರಿಗೂ ಕಾಣುತ್ತಿತ್ತು, ಅದರ ನಡುವಿನ ಮೊಳೆಯನ್ನು ಮಾತ್ರ ನನ್ನ ಟ್ಯೂಬುಗಳ ಗೊಂಚಲು ಮುಚ್ಚಿತ್ತು. ಮೊಳೆ ಇದೆಯೆಂಬುದನ್ನು ನಾವೆಲ್ಲ ಮರೆತಿದ್ದೆವು. ದಿನಾ ಮುಟ್ಟುವ ನಾನು ಎಲ್ಲರಿಗಿಂತ ಹೆಚ್ಚು ಮರೆತಿದ್ದೆ.

ಸಾಹೇಬರು ಹತ್ತಿರ ಬಂದರು. ಮೊಳೆಯಲ್ಲಿ ನೇತಾಡುತ್ತಿದ್ದ ಕೊಡೆಯ ಒಂದು ಮಡಿಕೆಯನ್ನು ಬೆರಳಿನಿಂದ ಬಿಡಿಸಿದರು. ಅದರಲ್ಲೂ ಕೊಕ್ಕರೆಯ ಕತ್ತು ಅಲ್ಲೇ, ಹಾಗೇ ಬಳಸಿಕೊಂಡು ಹೋಗಿತ್ತು. ಬಳಸಿಕೊಂಡ ಜಾಗದಲ್ಲಿ ಏನೂ ಇರಲಿಲ್ಲ, ಬರೀ ಹಸಿರು. ಅವರು ಆ ಬರೀ ಹಸಿರಿನ ಮೇಲೆ ಹೆಬ್ಬೆರಳು ಆಡಿಸಿದರು. ಗೋಡೆ ನೋಡಿದರು. ಮತ್ತೆ ಕೊಡೆ ನೋಡಿದರು.

"ಯಜಮಾನ್ರೇ, ಈ ಮೊಳೆ ಯಾವಾಗಿನದು?"

"ನನ್ನ ಮಗ ಹುಟ್ಟೋಕೆ ಮುಂಚಿನದು."

ಅವರು ಸೊಸೆಯ ಕಡೆ ತಿರುಗಿದರು. ದನಿ ಬದಲಾಗಿತ್ತು. ಕಂಪನಿಯವರ ದನಿಯಲ್ಲ, ಒಬ್ಬ ಚಿತ್ರಗಾರ ಇನ್ನೊಬ್ಬರನ್ನು ಕೇಳುವ ದನಿ.

"ಕಿತ್ತು ಹಾಕಬಹುದಿತ್ತಲ್ಲಮ್ಮ ಇದನ್ನ? ಆ ಕಡೆ ಹೊಡೆದಿದ್ರೆ ಕತ್ತು ನೆಟ್ಟಗೆ ಬರ್ತಿತ್ತು."

ಸೊಸೆ ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಎಂಬ ಹಾಗೆ. ಆಮೇಲೆ ಹೇಳಿದಳು:

"ನಮ್ಮ ಮಾವ ಟ್ಯೂಬು ತಗೊಳ್ಳೋವಾಗ ತಿರುಗಿ ನೋಡಲ್ಲ ಸರ್. ಸುಮ್ನೆ ಕೈ ಎತ್ತುತ್ತಾರೆ, ಕೈ ಅಲ್ಲಿಗೇ ಹೋಗುತ್ತೆ. ಆಗ ಅವರಿಗೆ ಜ್ವರ, ಮನೇಲಿ ಮಲಗಿದ್ರು. ಎದ್ದು ಬಂದು ಕೈ ಎತ್ತಿದಾಗ ಮೊಳೆ ಇಲ್ದಿದ್ರೆ?" ಮೊಳೆಯ ಕಡೆ ನೋಡಿ, "ನನ್ನ ಹಕ್ಕಿಗೆ ಕತ್ತು ಎಲ್ಲಿ ಬೇಕಾದ್ರೂ ಹೊರಳುತ್ತೆ," ಎಂದಳು.

ಕೊಡೆ ರಿಪೇರಿಯವನು ಮುಖ ಆ ಕಡೆ ಮಾಡಿಕೊಂಡು ಯಾವುದೋ ಕಡ್ಡಿಯನ್ನು ಸುಮ್ಮನೆ ಉಜ್ಜುತ್ತಿದ್ದ. ಉಳುಕು ಎಂದು ಹೆಸರಿಟ್ಟವನು ಅವನು. ಬೀದಿಯವರು ನಗುವಾಗ ಈ ಹುಡುಗಿ ಒಂದು ದಿನ, ಅದು ನನ್ನ ತಪ್ಪಲ್ಲ, ಮಾವನ ಮೊಳೆ ಅಡ್ಡ ಬಂತು ಎನ್ನಲಿಲ್ಲ. ಅಷ್ಟು ಮಾತು ಅಂದಿದ್ದರೆ ಅವಳ ಮಾನ ಉಳಿಯುತ್ತಿತ್ತು. ನಾನು ಅದೇ ದಿನ ಮೊಳೆ ಕೀಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಸಾಹೇಬರು ಕೊಡೆಯನ್ನು ಮೊಳೆಯಿಂದ ತೆಗೆದುಕೊಂಡರು. ನಮ್ಮ ಚಿತ್ರಗಾರ ಟ್ಯೂಬುಗಳನ್ನು ಬಿಟ್ಟಿದ್ದಾನೆ, ಮೊಳೆ ಬಿಟ್ಟಿದ್ದಾನೆ, ಕತ್ತಿನ ಬಾಗು ಬಿಡುವುದನ್ನು ಮರೆತಿದ್ದಾನೆ ಎಂದು ವಕೀಲಮ್ಮನಿಗೆ ಮೆಲ್ಲಗೆ ಹೇಳಿದರು. ನಾಚಿಕೆಯ ಮಾತು ಅವರು ಮತ್ತೆ ಎತ್ತಲಿಲ್ಲ.

ಆಮೇಲಿನದು ಕಚೇರಿಯ ಕೆಲಸ. ವಕೀಲಮ್ಮ ನೋಡಿಕೊಂಡಳು. ಅವರು ಕೊಡಬೇಕಾದ್ದನ್ನು ಕೊಟ್ಟರು. ಮಾರಾಟವಾಗದೆ ಉಳಿದ ಕೊಡೆಗಳ ಅಂಚಿನಿಂದ ಕಂಪನಿಯ ಕಲಾವಿದರು ಎಂಬ ಸಾಲನ್ನು ತೆಗೆಸಿದರು. ಹೊಸದಾಗಿ ಅಚ್ಚು ಹಾಕುವಾಗ ಸೊಸೆಯ ಹೆಸರು ಹಾಕುತ್ತೇವೆ ಎಂದು ಒಪ್ಪಿದರು. ಅದಕ್ಕಾಗಿ ಅವಳನ್ನು ಕಚೇರಿಗೆ ಕರೆಸಿದರು. ನೀವೂ ಬನ್ನಿ ಮಾವ ಎಂದು ಅವಳು ಹಟ ಹಿಡಿದಳು. ಹೋದೆ. ಗಾಜಿನ ಮೇಜು, ತಣ್ಣನೆಯ ಕೋಣೆ. ಕೂತರೆ ಕುರ್ಚಿ ಗಿರ್ರನೆ ತಿರುಗುತ್ತಿತ್ತು. ನಾನು ಎರಡೂ ಕಾಲು ನೆಲಕ್ಕೆ ಊರಿ ಕೂತೆ.

ಎಲ್ಲ ಮುಗಿಯಿತು ಎನ್ನುವಾಗ ಸಾಹೇಬರು ಒಂದು ಮಾತು ತೆಗೆದರು. ಹೇಗೂ ಹೊಸದಾಗಿ ಅಚ್ಚು ಹಾಕುತ್ತೇವೆ, ಬರೆದವರೇ ಸಿಕ್ಕಿದ್ದೀರಿ, ಆ ಕತ್ತನ್ನು ಒಂದಿಷ್ಟು ನೆಟ್ಟಗೆ ಮಾಡಿಕೊಡುತ್ತೀರಾ ಎಂದು. ಕೊಡೆ ಕೊಂಡ ಕೆಲವರು ಹಕ್ಕಿಗೆ ಏನಾಗಿದೆ ಎಂದು ಕೇಳಿದ್ದರಂತೆ. ಕೊಡೆಯ ಮೇಲೆ ಮೊಳೆಯ ಕಾಟವಿಲ್ಲವಲ್ಲ ಎಂದು ನಕ್ಕರು. ಒಂದು ದೊಡ್ಡ ಹಾಳೆಯನ್ನೂ ಪೆನ್ಸಿಲನ್ನೂ ಅವಳ ಮುಂದೆ ಸರಿಸಿದರು.

ನಾನು ಅವಳ ಕೈ ನೋಡುತ್ತಿದ್ದೆ. ವರ್ಷವರ್ಷವೂ ಈ ಸಲ ನೆಟ್ಟಗೆ ಮಾಡ್ಬಿಡ್ತೀನಿ ಎಂದವಳು. ಉಳುಕು ಎಂದಾಗಲೆಲ್ಲ ತಲೆ ತಗ್ಗಿಸಿದವಳು. ಈಗ ಅಡ್ಡ ಬರುವ ಮೊಳೆಯಿಲ್ಲ, ನಗುವ ಬೀದಿಯಿಲ್ಲ. ಒಂದು ಗೆರೆ ಎಳೆದರೆ ಮುಗಿಯಿತು.

ಅವಳು ಪೆನ್ಸಿಲು ತೆಗೆದುಕೊಂಡಳು. ಕತ್ತನ್ನು ಮುಟ್ಟಲಿಲ್ಲ. ಕತ್ತು ಬಾಗಿದ ಜಾಗದಲ್ಲಿ, ಆ ಬರೀ ಹಸಿರಿನ ನಡುವೆ, ಚಿಕ್ಕದಾಗಿ ಒಂದು ಮೊಳೆ ಬರೆದಳು. ತುದಿಗೆ ಸ್ವಲ್ಪ ಸೊಟ್ಟ. ನನ್ನ ಮೊಳೆ ಹೊಡೆಯುವಾಗ ಸೊಟ್ಟಗಾದದ್ದು ಅವಳ ಕಣ್ಣು ತಪ್ಪಿರಲಿಲ್ಲ.

"ಕತ್ತು ಹೀಗೇ ಇರುತ್ತೆ ಸರ್. ಬರೆದವಳು ನಾನು," ಎಂದಳು.

ಇದೂ ಬರೆದವರ ಹಕ್ಕೇ, ಹೆಸರು ಹಾಕುವುದಷ್ಟೇ ಅಲ್ಲ, ಬರೆದದ್ದನ್ನು ಕೆಡಿಸದಂತೆ ಕೇಳುವುದೂ ಅದರಲ್ಲೇ ಸೇರಿದೆ ಎಂದು ವಕೀಲಮ್ಮ ಆಮೇಲೆ ಹೇಳಿದಳು. ಆ ಹೊತ್ತಿನಲ್ಲಿ ಸೊಸೆಗೆ ಅದು ತಿಳಿದಿರಲಿಲ್ಲ. ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿ, ಆಗಲಿ ಎಂದರು.

ಮರುವರ್ಷ ಮಳೆ ಶುರುವಾಗುವ ಹೊತ್ತಿಗೆ ಹೊಸ ಕೊಡೆ ಬಂತು. ಕಂಪನಿಯವರು ಮನೆಗೂ ಕಳಿಸಿದ್ದರು. ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಅಂಚಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ದಾಟುತ್ತಾ ಅವಳ ಹೆಸರು ಓದಿದೆ. ಮದುವೆಯ ಕರೆಯೋಲೆಯಲ್ಲಿ ಬಿಟ್ಟರೆ ಆ ಹೆಸರು ಅಚ್ಚಾದದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೆಂಡತಿ ಮನೆಯೊಳಗೇ ಕೊಡೆ ಬಿಚ್ಚಿಕೊಂಡು ಓಡಾಡಿದಳು. ಮಗ ಬಸ್ಸಿನಲ್ಲಿ ಯಾರು ಆ ಕೊಡೆ ಹಿಡಿದು ಹತ್ತಿದರೂ, ಅಂಚು ನೋಡಿದ್ರಾ, ಅದು ನಮ್ಮ ಮನೆಯೋರು ಎನ್ನುತ್ತಾನಂತೆ. ಚಿಲ್ಲರೆ ಕೊಡುವುದನ್ನು ಮರೆತು ಬೈಸಿಕೊಂಡನಂತೆ.

ಕೊಡೆ ರಿಪೇರಿಯವನ ಕೈಗೂ ಒಂದು ಬಂತು, ಎಂದಿನಂತೆ ಮುರಿದದ್ದು. "ಅಣ್ಣ, ಕಡ್ಡಿ ಇನ್ನೂ ಸುಧಾರಿಸಿಲ್ಲ. ನಿನ್ನ ಮೊಳೆ ಮಾತ್ರ ಅಲುಗಾಡಿಲ್ಲ," ಎಂದ. ಉಳುಕು ಎನ್ನುವುದನ್ನು ಅವನು ಬಿಟ್ಟಿದ್ದಾನೆ. ವಿಳಾಸ ಕೇಳುವವರಿಗೆ ಮೊಳೆ ಕೊಕ್ಕರೆ ದಾಟಿ ಎಡಕ್ಕೆ ಎಂದು ಅವನೇ ಹೇಳುತ್ತಾನೆ, ತಾನೇ ಬರೆದವನ ಗತ್ತಿನಲ್ಲಿ.

ಆ ಮಳೆಗಾಲ ಕಳೆದ ಮೇಲೆ ಸೊಸೆ ಎಂದಿನಂತೆ ಏಣಿ ಹಾಕಿಕೊಂಡು ಬಣ್ಣ ತೀಡುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸು ಸೈಕಲ್ ನಿಲ್ಲಿಸಿ ತಲೆಯೆತ್ತಿ ನೋಡಿದಳು. ಇದನ್ನು ಬರೆದವರು ಯಾರು ಎಂದು ಕೇಳಿದಳು. ನಾನು ನೀರಿನ ಬಟ್ಟಲಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದೆ. ಉಳಿದ ಬಣ್ಣ ಎಂಬ ಮಾತಿಗೆ ನನ್ನ ಕಿವಿ ಕಾಯುತ್ತಿತ್ತು.

"ನಾನು," ಎಂದಳು ಸೊಸೆ ಏಣಿ ಮೇಲಿಂದ. ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿ, ನನ್ನ ಕಡೆ ಬಾಗಿದಳು. "ಮಾವ, ಟ್ಯೂಬುಗಳನ್ನ ಒಂದು ನಿಮಿಷ ತೆಗೀತೀರಾ? ಕತ್ತಿನ ಹತ್ರ ಬಂದೆ."

ಕೈ ಎತ್ತಿ ತೆಗೆದೆ. ಬಣ್ಣ ಒಣಗುವವರೆಗೆ ನನ್ನ ಹೆಗಲ ಮೇಲೆಯೇ ಹಾಕಿಕೊಂಡು ಕೂತಿದ್ದೆ.